ಚಳಿಗಾಲದ ಬೆಳಿಗ್ಗೆ ಹಳೆ ಪದ್ಮಿನಿ ಸ್ಟಾರ್ಟ್ ಆಗದಿದ್ದರೆ ಎಲ್ಲಿಂದ ಹುಡುಕಬೇಕು?

ಡಿಸೆಂಬರ್ ಬೆಳಿಗ್ಗೆ ಆರೂವರೆ. ಅಂಗಳದ ತುಂಬ ಮಂಜು. ಕೀಲಿ ತಿರುಗಿಸಿದರೆ ಸೆಲ್ಫ್ 'ಊಂ... ಊಂ... ಊಂ' ಅನ್ನುತ್ತದೆ, ಎಂಜಿನ್ ಮಾತ್ರ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ಜಗುಲಿಯಿಂದ ಹೆಂಡತಿಯ ದನಿ: 'ನಾನು ಬಸ್ಸಿಗೇ ಹೋಗ್ತೀನಿ ಬಿಡಿ.'

ನಮ್ಮದು 1984ರ ಪ್ರೀಮಿಯರ್ ಪದ್ಮಿನಿ. ಅಪ್ಪ ಕೊಂಡ ಕಾರು. ಊರು ಸಕಲೇಶಪುರದ ಆಚೆ. ಬಹಳ ವರ್ಷ ನಾನೂ 'ಕಾರಿಗೆ ಚಳಿ ಹಿಡಿದಿದೆ' ಅಂತಲೇ ಹೇಳಿಕೊಂಡು ತಿರುಗಿದೆ. ಒಂದು ದಿನ ಕೂತು ಯೋಚಿಸಿದಾಗ ನಗು ಬಂತು. ಪದ್ಮಿನಿಯ ಮೂಲ ಫಿಯೆಟ್ 1100. ಅದರ ತವರು ಇಟಲಿಯ ಟ್ಯೂರಿನ್, ಆಲ್ಪ್ಸ್ ಬೆಟ್ಟಗಳ ಬುಡದ ಊರು. ಅಲ್ಲಿ ಹಿಮ ಬೀಳುತ್ತದೆ, ನೀರು ಹೆಪ್ಪುಗಟ್ಟುತ್ತದೆ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಿಮದ ಊರಲ್ಲಿ ಹುಟ್ಟಿದ ಎಂಜಿನ್‌ಗೆ ನಮ್ಮ ಹತ್ತು ಹನ್ನೆರಡು ಡಿಗ್ರಿ ಒಂದು ಲೆಕ್ಕವೇ?

ಅಂದರೆ ತಪ್ಪು ಚಳಿಯದ್ದಲ್ಲ. ಬೇಸಿಗೆಯಲ್ಲಿ ಗೊತ್ತಾಗದೆ ಅಡಗಿದ್ದ ಎರಡು ಮೂರು ಸಣ್ಣ ದೋಷಗಳು ಚಳಿಯಲ್ಲಿ ಒಟ್ಟಿಗೆ ತಲೆ ಎತ್ತುತ್ತವೆ. ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗಿಸುವುದು ಭಾರವಾಗುತ್ತದೆ. ಅದೇ ಹೊತ್ತಿಗೆ ಬ್ಯಾಟರಿಯ ಕಸುವು ಇಳಿದಿರುತ್ತದೆ. ಪೆಟ್ರೋಲ್ ಸರಿಯಾಗಿ ಆವಿಯಾಗದೆ ಹನಿಹನಿಯಾಗಿ ಪೈಪಿನ ಗೋಡೆಗೆ ಅಂಟುತ್ತದೆ. ಮೂರೂ ಕಡೆ ಸ್ವಲ್ಪ ಸ್ವಲ್ಪ ಕೊರತೆ, ಆದರೆ ಸೇರಿದಾಗ ಕಾರು ನಿಂತಲ್ಲೇ.

ಕೆಳಗೆ ಹೇಳಿರುವುದು ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕಡಿದು ಕೂಡಿಸುವ ಸಣ್ಣ ಸ್ವಿಚ್), ಕಾಯಿಲ್ (ಬ್ಯಾಟರಿಯ ವೋಲ್ಟನ್ನು ಕಿಡಿ ಹಾರುವಷ್ಟು ಏರಿಸುವುದು), ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವುದು) ಇರುವ ಪೆಟ್ರೋಲ್ ಕಾರುಗಳಿಗೆ. ಪದ್ಮಿನಿ, ಅಂಬಾಸಿಡರ್, ಹೆರಾಲ್ಡ್ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ. ಡೀಸೆಲ್ ಜೀಪಿನ ಕಥೆ ಬೇರೆ, ಅದು ಇಲ್ಲಿ ಬೇಡ.

ಮುಟ್ಟುವ ಮೊದಲು

ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಶೆಡ್ಡಿನ ಬಾಗಿಲು ಪೂರ್ತಿ ತೆಗೆಯಿರಿ, ಮುಚ್ಚಿದ ಜಾಗದಲ್ಲಿ ಸೈಲೆನ್ಸರ್ ಹೊಗೆ ಪ್ರಾಣಕ್ಕೇ ಕುತ್ತು. ಬೀಡಿ, ಸಿಗರೇಟು ದೂರ ಇರಲಿ. ಇನ್ನೊಂದು ಮಾತು, ಮಲೆನಾಡಿನವರಿಗೆ ಮುಖ್ಯವಾಗಿ: ಮಫ್ಲರ್, ಶಾಲು ಬಿಚ್ಚಿಟ್ಟು ಬಾನೆಟ್ ಒಳಗೆ ಬಗ್ಗಿ. ಫ್ಯಾನಿಗೆ ಸಿಕ್ಕರೆ ಕತ್ತಿಗೇ ಬರುತ್ತದೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಪ್ಲಗ್ ಸ್ಪ್ಯಾನರ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ವೋಲ್ಟ್ ನೋಡಲು ಸಣ್ಣ ಮಲ್ಟಿಮೀಟರ್, ಉಪ್ಪುಕಾಗದ, ಒಣ ಬಟ್ಟೆ. ಮತ್ತೆ ಸೆಲ್ಫ್ ಹೊಡೆಯಲು ಒಬ್ಬರು. ನಮ್ಮಲ್ಲಿ ಅದು ಮಗನ ಕೆಲಸ.

ಮೊದಲು ಕಿವಿ ಕೊಡಿ

ಬಾನೆಟ್ ಎತ್ತುವ ಮುಂಚೆ ಒಂದು ಸಲ ಸೆಲ್ಫ್ ಹೊಡೆದು ಸುಮ್ನೆ ಕೇಳಿ. ಎಂಜಿನ್ ನಿಧಾನವಾಗಿ, ಕಷ್ಟಪಟ್ಟು ತಿರುಗುತ್ತಿದೆಯೋ, ಇಲ್ಲ ಚುರುಕಾಗಿ ತಿರುಗಿಯೂ ಹತ್ತಿಕೊಳ್ಳುತ್ತಿಲ್ಲವೋ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ನಿಧಾನವಾಗಿ ತಿರುಗಿದರೆ ಬ್ಯಾಟರಿ, ವೈರು, ಸೆಲ್ಫ್ ಮೋಟರ್ ಕಡೆ ಹೋಗಿ. ಚುರುಕಾಗಿದ್ದರೆ ಪ್ಲಗ್ಗಿನ ಕರೆಂಟ್ ಅಥವಾ ಪೆಟ್ರೋಲ್.

ಮೂರನೇ ಲಕ್ಷಣ ಒಂದಿದೆ, ಬಹಳ ಜನ ಗಮನಿಸುವುದಿಲ್ಲ. ಸೆಲ್ಫ್ ಹೊಡೆಯುವಾಗ ಏನೂ ಇಲ್ಲ, ಕೀಲಿಯಿಂದ ಕೈ ಬಿಟ್ಟ ಕ್ಷಣಕ್ಕೆ 'ಡುಬ್' ಅಂತ ಒಂದು ಸಲ ಹತ್ತಿಕೊಳ್ಳಲು ನೋಡುತ್ತದೆ. ಸೆಲ್ಫ್ ಮೋಟರ್ ಬ್ಯಾಟರಿಯ ಶಕ್ತಿಯನ್ನೆಲ್ಲ ಎಳೆದುಕೊಂಡು ಕಾಯಿಲ್‌ಗೆ ಏನೂ ಉಳಿಸುತ್ತಿಲ್ಲ ಅಂತ ಇದರ ಅರ್ಥ. ಕೈ ಬಿಟ್ಟಾಗ ಕಾಯಿಲ್‌ಗೆ ಪೂರ್ತಿ ವೋಲ್ಟ್ ಸಿಗುತ್ತದೆ, ಆದರೆ ಅಷ್ಟರಲ್ಲಿ ಎಂಜಿನ್ ನಿಲ್ಲುತ್ತಾ ಬಂದಿರುತ್ತದೆ. ಹೀಗಾದರೆ ಕಾರ್ಬುರೇಟರ್ ಕಡೆ ತಿರುಗಿಯೂ ನೋಡಬೇಡಿ.

ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಹೊಡೆಯಿರಿ. ಸೆಲ್ಫ್ ಮೋಟರ್ ಸುಟ್ಟುಕೊಂಡರೆ ಒಂದಕ್ಕೆ ಎರಡು ಕೆಲಸ.

ಬ್ಯಾಟರಿ, ಮತ್ತು ಯಾರೂ ನೋಡದ ಆ ಒಂದು ಪಟ್ಟಿ

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಚಾರ್ಜಿಗೆ ಹಾಕದೆ ಮುಂದೆ ಹೋಗುವುದು ದಂಡ. ಆಮೇಲೆ ಸೆಲ್ಫ್ ಹೊಡೆಯುವಾಗ ನೋಡಿ. ಸುಮಾರು ಹತ್ತು ವೋಲ್ಟಿನ ಆಸುಪಾಸಿನಲ್ಲಿ ನಿಲ್ಲಬೇಕು. ಒಂಬತ್ತಕ್ಕಿಂತ ಕೆಳಗೆ ಕುಸಿದರೆ, ಚಾರ್ಜ್ ಆಗಿದ್ದೂ ಕುಸಿಯುತ್ತಿದ್ದರೆ, ಬ್ಯಾಟರಿಗೆ ವಯಸ್ಸಾಗಿದೆ.

ಮೀಟರ್ ಇಲ್ಲವೇ? ಹೆಡ್‌ಲೈಟ್ ಹಾಕಿ ಗೋಡೆಗೆ ಬೆಳಕು ಬೀಳುವ ಹಾಗೆ ಮಾಡಿ. ಸೆಲ್ಫ್ ಹೊಡೆದಾಗ ಬೆಳಕು ಪೂರ್ತಿ ಮಂಕಾದರೆ ಬ್ಯಾಟರಿ ಸೋತಿದೆ ಅಥವಾ ವೈರು ಸಡಿಲವಾಗಿದೆ. ಬೆಳಕು ಹಾಗೇ ಇದ್ದು ಸೆಲ್ಫ್ ಸದ್ದೇ ಮಾಡದಿದ್ದರೆ ಸ್ವಿಚ್ ಅಥವಾ ಸೆಲ್ಫ್ ಮೋಟರಿಗೆ ಕರೆಂಟ್ ಜೋಡಿಸುವ ಸೊಲೆನಾಯ್ಡ್ ನೋಡಬೇಕು.

ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ದರೆ ಬಿಸಿನೀರು ಸುರಿದು ತೊಳೆದು, ಒರೆಸಿ, ಉಪ್ಪುಕಾಗದ ಹಾಕಿ ಹೊಳೆಯುವ ಹಾಗೆ ಉಜ್ಜಿ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಮೊದಲೇ ಸವರಿ ಆಮೇಲೆ ಕೂರಿಸಬೇಡಿ.

ಈಗ ಆ ಪಟ್ಟಿಯ ವಿಚಾರ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರ್ ಕರೆಂಟ್ ಬಿಡುವುದಿಲ್ಲ. ಹಾಗಾಗಿ ಎಂಜಿನ್ನಿಂದ ಬಾಡಿಗೆ ಹೆಣೆದ ತಾಮ್ರದ ಅರ್ಥಿಂಗ್ ಪಟ್ಟಿ ಒಂದು ಇರುತ್ತದೆ. ಸೆಲ್ಫ್ ಮೋಟರ್ ಎಳೆಯುವ ಕರೆಂಟ್ ಎಲ್ಲ ವಾಪಸ್ ಹೋಗುವುದು ಅದರ ಮೂಲಕ. ಆಯಿಲ್, ಕೆಸರು, ಮಲೆನಾಡಿನ ಆರು ತಿಂಗಳ ಮಳೆ, ಎಲ್ಲ ಕುಡಿದು ಅದು ಒಳಗೊಳಗೇ ಹಸಿರಾಗಿ ಕೊಳೆತಿರುತ್ತದೆ. ಹೊರಗಿನಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತದೆ.

ಒಂದು ಚಳಿಗಾಲ ಪೂರ್ತಿ ನಾನು ಈ ಪಟ್ಟಿಯಿಂದ ಪಾಡು ಪಟ್ಟೆ. ಪೇಟೆಯ ಮೆಕ್ಯಾನಿಕ್ ಒಬ್ಬರು ಮೂರು ಸಲ ಕಾರ್ಬುರೇಟರ್ ಬಿಚ್ಚಿದರು, ಹೊಸ ಕಿಟ್ ಹಾಕಿದರು. ಪ್ರತಿ ಸಲ ಗ್ಯಾರೇಜಿನಲ್ಲಿ, ಬಿಸಿಲೇರಿದ ಮೇಲೆ, ಕಾರು ಒಂದೇ ಏಟಿಗೆ ಸ್ಟಾರ್ಟ್. ಮಾರನೇ ಬೆಳಿಗ್ಗೆ ಮನೆಯಲ್ಲಿ ಮತ್ತದೇ ರಾಗ. ಕೊನೆಗೆ ಭಾವ ಬಂದಿದ್ದಾಗ ಜಂಪರ್ ಕೇಬಲ್ ಒಂದನ್ನು ತೆಗೆದು ಬ್ಯಾಟರಿಯ ಮೈನಸ್‌ನಿಂದ ನೇರ ಎಂಜಿನ್ನಿಗೆ ಸಿಕ್ಕಿಸಿದರು. 'ಈಗ ಹೊಡಿ ಮಾರಾಯ' ಅಂದರು. ಹೊಡೆದೆ. ಎರಡೇ ಸುತ್ತಿಗೆ ಸ್ಟಾರ್ಟ್! ಅಷ್ಟು ದಿನ ಕಾರ್ಬುರೇಟರ್ ಬೈಸಿಕೊಂಡಿದ್ದು ಸುಮ್ನೆ.

ಮೀಟರ್ ಇದ್ದರೆ ಇದನ್ನು ಹೀಗೆ ಹಿಡಿಯಬಹುದು. ಕಾಯಿಲ್‌ನ ಸಣ್ಣ ವೈರು ಬಿಚ್ಚಿ, ಎಂಜಿನ್ ಸ್ಟಾರ್ಟ್ ಆಗಬಾರದು. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಎಂಜಿನ್ನಿನ ಬರಿ ಲೋಹದ ಮೇಲೆ. ಮಗನಿಗೆ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಸರಿಯಿಲ್ಲ. ಪಟ್ಟಿ ಹೊಸದು ಹಾಕಿ, ಎರಡೂ ತುದಿಯಲ್ಲಿ ಬಣ್ಣ ಕೆರೆದು ಲೋಹ ಕಾಣಿಸಿ ಬಿಗಿ ಮಾಡಿ.

ಬ್ಯಾಟರಿ ಚಾರ್ಜ್ ಮಾಡಲು ಹಳೆ ಬಗೆಯ ಡೈನಮೊ ಇರುವ ಕಾರುಗಳಿಗೆ ಇನ್ನೊಂದು ಕಷ್ಟ. ಡೈನಮೊ ಐಡ್ಲಿಂಗ್‌ನಲ್ಲಿ ಚಾರ್ಜ್ ಕೊಡುವುದೇ ಇಲ್ಲ ಅನ್ನಬಹುದು. ಬೆಳಿಗ್ಗೆ ಲೈಟ್ ಹಾಕಿಕೊಂಡು ಮೂರು ಕಿಲೋಮೀಟರ್ ಹೋಗಿ ಬಂದರೆ ಬ್ಯಾಟರಿಗೆ ಖರ್ಚೇ ಹೊರತು ಜಮೆ ಇಲ್ಲ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಓಡಿಸಿ, ಇಲ್ಲವೇ ಮನೆಯಲ್ಲೇ ಸಣ್ಣ ಚಾರ್ಜರ್ ಇಟ್ಟುಕೊಳ್ಳಿ.

ಕರೆಂಟ್ ಬರುತ್ತಿದೆಯಾ?

ಎಂಜಿನ್ ಚುರುಕಾಗಿ ತಿರುಗುತ್ತಿದೆ, ಹತ್ತಿಕೊಳ್ಳುತ್ತಿಲ್ಲ. ಒಂದು ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಡಿ. ಬಿಚ್ಚಿದ ತೂತಿನಿಂದ ದೂರ ಇರಲಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ಬರಿಗೈಲಿ ಹಿಡಿಯಬೇಡಿ. ಸೆಲ್ಫ್ ಹೊಡೆದಾಗ ನೀಲಿ, ದಪ್ಪ ಕಿಡಿ 'ಟಿಕ್ ಟಿಕ್' ಅಂತ ಸದ್ದು ಮಾಡುತ್ತಾ ಬಂದರೆ ಸರಿ. ಹಳದಿ, ತೆಳು ಕಿಡಿ ಬಿಸಿ ಎಂಜಿನ್ನಿಗೆ ಹೇಗೋ ಸಾಕಾಗುತ್ತದೆ, ತಣ್ಣನೆ ಎಂಜಿನ್ನಿಗೆ ಸಾಲುವುದಿಲ್ಲ.

ಪ್ಲಗ್ ಕೈಯಲ್ಲಿದ್ದಾಗಲೇ ಅದರ ಮುಖ ನೋಡಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಒಣಗಿದ್ದರೆ ಪೆಟ್ರೋಲೇ ತಲುಪುತ್ತಿಲ್ಲ. ಕಪ್ಪು ಮಸಿ ಮೆತ್ತಿದ್ದರೆ ಚೋಕ್ (ತಣ್ಣನೆ ಎಂಜಿನ್ನಿಗೆ ಜಾಸ್ತಿ ಪೆಟ್ರೋಲ್ ಕೊಡಲು ಎಳೆಯುವ ನಾಬ್) ಜಾಸ್ತಿ ಹೊತ್ತು ಎಳೆದಿದ್ದೀರಿ. ಜಿಡ್ಡು ಕಪ್ಪಾಗಿದ್ದರೆ ಆಯಿಲ್ ಮೇಲೆ ಬರುತ್ತಿದೆ, ಅದು ದೊಡ್ಡ ಕೆಲಸದ ಸೂಚನೆ. ಪಾಯಿಂಟ್ ಇರುವ ಹಳೆ ಕಾರಿಗೆ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ 0.6 ಮಿಲಿಮೀಟರ್ ಸುಮಾರು. ಓಡಿ ಓಡಿ ಅದು ಅಗಲವಾಗಿರುತ್ತದೆ, ಮೆಲ್ಲಗೆ ತಟ್ಟಿ ಸರಿ ಮಾಡಿ. ಅಂದಹಾಗೆ, ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಿಸಿಕೊಂಡಿತು. ಆದರೂ ಅಂಗಡಿಗೆ ಹೋಗಿ ಈಗಲೂ ನಾವು ಕೇಳುವುದು 'ಒಂದು ಸೆಟ್ ಮೈಕೋ ಪ್ಲಗ್ ಕೊಡಿ' ಅಂತಲೇ.

ಕಿಡಿ ಸಪ್ಪೆಯಾಗಿದ್ದರೆ ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆಯಿರಿ. ಹಳೆ ಮೆಕ್ಯಾನಿಕ್‌ಗಳು ಡೆಲ್ಕೋ ಅನ್ನುವುದು ಈ ಡಿಸ್ಟ್ರಿಬ್ಯೂಟರಿಗೇ. ಮಂಜಿನ ಊರಿನಲ್ಲಿ ಅರ್ಧ ರೋಗ ಇಲ್ಲಿದೆ. ಕ್ಯಾಪಿನ ಒಳಗೆ ತೇವ ಕೂತಿರುತ್ತದೆ, ಕಣ್ಣಿಗೆ ಕಾಣದಷ್ಟು. ಕರೆಂಟ್ ಪ್ಲಗ್ಗಿಗೆ ಹೋಗುವ ಬದಲು ಆ ತೇವದ ಮೇಲೆ ಹರಿದು ಹೋಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ. ಹೇರ್ ಡ್ರೈಯರ್ ಇದ್ದರೆ ಅದರ ಬಿಸಿಗಾಳಿ ಕೊಡಿ. ಅಪ್ಪ ಕ್ಯಾಪನ್ನು ಬಿಚ್ಚಿ ಒಳಗೆ ತಂದು ಬಚ್ಚಲ ಒಲೆಯ ಪಕ್ಕ ಐದು ನಿಮಿಷ ಇಡುತ್ತಿದ್ದರು. ಆಮೇಲೆ ಕಾಫಿ ಕುಡಿದು ಎದ್ದು ಹೋಗಿ ಸ್ಟಾರ್ಟ್ ಮಾಡುವುದು. ಕ್ಯಾಪಿನ ವೈರುಗಳನ್ನು ಬಿಚ್ಚುವ ಮೊದಲು ಗುರುತು ಹಾಕಿಕೊಳ್ಳಿ. ಪದ್ಮಿನಿಯಲ್ಲಿ ಕಿಡಿಯ ಸರದಿ 1-3-4-2. ಒಂದು ಅದಲುಬದಲಾದರೂ ಎಂಜಿನ್ ಕೆಮ್ಮುತ್ತದೆ.

ಕ್ಯಾಪಿನ ಒಳಗೆ ಪೆನ್ಸಿಲ್ ಗೀರಿನ ಹಾಗೆ ಸಣ್ಣ ಕಪ್ಪು ಗೆರೆ ಕಂಡರೆ ಅದು ಬಿರುಕು, ಕರೆಂಟ್ ಓಡಿ ಆದ ದಾರಿ. ಒರೆಸಿದರೆ ಹೋಗುವುದಿಲ್ಲ, ಹೊಸ ಕ್ಯಾಪ್ ಬೇಕು. ಪ್ಲಗ್ ವೈರು ಪರೀಕ್ಷೆಗೆ ಕತ್ತಲೆಯೇ ಸಾಧನ. ಸಂಜೆ ಹೊತ್ತು ಎಂಜಿನ್ ಓಡುವಾಗ ಬಾನೆಟ್ ಎತ್ತಿ ನೋಡಿ, ಸೀಳಿದ ವೈರಿನಿಂದ ನೀಲಿ ಮಿಂಚು ಹಾರುವುದು ಕಾಣುತ್ತದೆ. ಚಳಿಗಾಲದಲ್ಲಿ ಬೆಚ್ಚಗಿರಲು ಇಲಿಗಳೂ ಎಂಜಿನ್ ಮೇಲೆ ಬಂದು ಕೂರುತ್ತವೆ. ವೈರು ಕಡಿಯುವುದು ಅವುಗಳ ಹವ್ಯಾಸ, ಅದನ್ನೂ ನೋಡಿಕೊಳ್ಳಿ.

ಇನ್ನು ಪಾಯಿಂಟ್, ಅದೂ ಇದೇ ಕ್ಯಾಪಿನ ಕೆಳಗೆ. ಎರಡು ಮುಖಗಳೂ ಬೂದುಬಣ್ಣದಲ್ಲಿ ಸಮವಾಗಿರಬೇಕು. ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಎದ್ದಿದ್ದರೆ ಪಾಯಿಂಟಿನಲ್ಲೇ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಮೇಲೆ ಅನುಮಾನ ಪಡಿ, ಎರಡನ್ನೂ ಒಟ್ಟಿಗೆ ಬದಲಿಸಿ. ಲೂಕಾಸ್ ಡಿಸ್ಟ್ರಿಬ್ಯೂಟರ್ ಇರುವ ಅಂಬಾಸಿಡರ್‌ಗೆ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಪದ್ಮಿನಿಯಲ್ಲಿ ಯಾವ ಕಂಪನಿಯದ್ದು ಕೂತಿದೆ ನೋಡಿ, ಅದರ ಪುಸ್ತಕದಲ್ಲಿರುವಷ್ಟೇ ಇಡಿ. ಪಾಯಿಂಟಿನ ಕಾಲು ಸವೆದಂತೆ ಗ್ಯಾಪ್ ಕಿರಿದಾಗುತ್ತಾ ಹೋಗುತ್ತದೆ. ಗ್ಯಾಪ್ ಬದಲಿಸಿದರೆ ಕಿಡಿ ಹಾರುವ ಕ್ಷಣ, ಅಂದರೆ ಟೈಮಿಂಗ್ ಕೂಡ ಕದಲುತ್ತದೆ, ಅದನ್ನು ಮರೆಯಬೇಡಿ.

ಪೆಟ್ರೋಲ್ ಎಲ್ಲಿ ನಿಂತಿದೆ?

ಕಿಡಿ ಚೆನ್ನಾಗಿದೆ, ಪ್ಲಗ್ ಒಣಗಿದೆ. ಪಂಪಿನ ಹತ್ತಿರದ ಪಾರದರ್ಶಕ ಫಿಲ್ಟರ್ ನೋಡಿ. ಇಲ್ಲದಿದ್ದರೆ ಒಂದು ಹಾಕಿಸಿ, ಬಹಳ ಅನುಕೂಲ. ರಾತ್ರಿ ತುಂಬಿದ್ದ ಫಿಲ್ಟರ್ ಬೆಳಿಗ್ಗೆ ಖಾಲಿಯಾಗಿದ್ದರೆ ಪೆಟ್ರೋಲ್ ಹಿಂದಕ್ಕೆ ಟ್ಯಾಂಕಿಗೆ ಜಾರಿದೆ. ಪಂಪಿನೊಳಗಿನ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಪೆಟ್ರೋಲ್ ಎಳೆಯುವ ಪೊರೆ (ಡಯಾಫ್ರಮ್) ಹರಿದಿದೆ, ಅಥವಾ ಪೈಪಿನ ಜಾಯಿಂಟ್ ಗಾಳಿ ಎಳೆಯುತ್ತಿದೆ. ಪಂಪಿನ ಕೆಳಗೆ ಕೈಯಿಂದ ಒತ್ತುವ ಸಣ್ಣ ಲಿವರ್ ಇದ್ದರೆ ಹತ್ತಿಪ್ಪತ್ತು ಸಲ ಒತ್ತಿ, ಆಮೇಲೆ ಸೆಲ್ಫ್ ಹೊಡೆಯಿರಿ. ತಕ್ಷಣ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ ಹಾಗೆ.

ಈಚೆಗೆ ಒಂದು ಹೊಸ ತಲೆನೋವು ಸೇರಿಕೊಂಡಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಪೆಟ್ರೋಲ್ ಆವಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೂ ಹೊತ್ತಿಕೊಳ್ಳಬಲ್ಲದು. ಶುದ್ಧ ಎಥೆನಾಲ್‌ಗೆ ಅದಕ್ಕೆ ಸುಮಾರು 13 ಡಿಗ್ರಿಯಾದರೂ ಬೇಕು. ಆವಿಯಾಗುವಾಗ ಅದು ಸುತ್ತಲಿನ ಶಾಖವನ್ನೂ ಜಾಸ್ತಿ ಹೀರುತ್ತದೆ. ಬೆರಕೆಯಲ್ಲಿ ಇದರ ಪರಿಣಾಮ ತೆಳುವಾಗುತ್ತದೆ ನಿಜ, ಆದರೆ ಮೊದಲೇ ಒದ್ದಾಡುವ ತಣ್ಣನೆ ಎಂಜಿನ್ನಿಗೆ ಇದೂ ಒಂದು ಹೊರೆ. ನನಗೆ ಅದಕ್ಕಿಂತ ಹೆದರಿಕೆ ರಬ್ಬರಿನದು. ಹಳೆ ಕಾಲದ ಪೈಪು, ಪಂಪಿನ ಡಯಾಫ್ರಮ್ ಎಥೆನಾಲ್‌ಗಾಗಿ ಮಾಡಿದ್ದಲ್ಲ. ಉಬ್ಬುತ್ತವೆ, ಮೆತ್ತಗಾಗುತ್ತವೆ, ಕೊನೆಗೆ ಬಿರಿಯುತ್ತವೆ. ಎಥೆನಾಲ್ ತೇವವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ನೀರು, ಎಥೆನಾಲ್ ಬೇರೆಯಾಗಿ ಕೂರಬಹುದು.

ಹಾಗಾಗಿ ಎಥೆನಾಲ್ ತಡೆಯುವ ಪೈಪು ಹಾಕಿಸಿ. ಪೈಪಿನ ಮೇಲೆ ಜೆ30 ಆರ್9 ಅಂತ ಅಚ್ಚಾಗಿರುವುದು ಒಳ್ಳೆಯದು. ಕಾರು ನಿಲ್ಲಿಸುವುದಿದ್ದರೆ ಎರಡು ವಾರಕ್ಕೊಮ್ಮೆಯಾದರೂ ಓಡಿಸಿ. ಜಾಸ್ತಿ ದಿನ ನಿಂತ ಕಾರಿನಲ್ಲಿ ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲ್ ಆರಿಹೋಗಿರುತ್ತದೆ, ಅದು ರೋಗವಲ್ಲ. ಬಟ್ಟಲು ಮತ್ತೆ ತುಂಬುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಲೇಬೇಕು.

ಚೋಕ್ ಎಳೆಯುವುದಕ್ಕೂ ಒಂದು ಕ್ರಮವಿದೆ

'ಚೋಕ್ ಎಳೆದು, ಆಕ್ಸಿಲರೇಟರ್ ನಾಲ್ಕು ಸಲ ಒತ್ತಿ, ಸೆಲ್ಫ್ ಹೊಡಿ.' ಎಲ್ಲರೂ ಕೊಡುವ ಸಲಹೆ ಇದು. ಎಲ್ಲ ಕಾರಿಗೂ ಹೊಂದುವುದಿಲ್ಲ. ಏರ್ ಕ್ಲೀನರ್ ಮುಚ್ಚಳ ತೆಗೆದು ಕಾರ್ಬುರೇಟರ್ ಬಾಯಿ ನೋಡಿ. ಚೋಕ್ ಎಳೆದಾಗ ಬಾಯಿಗೆ ತಗಡಿನ ಮುಚ್ಚಳ ಅಡ್ಡ ಬರುತ್ತದೆಯೇ? ಹಾಗಿದ್ದರೆ ಒಂದು ಸಲ ಆಕ್ಸಿಲರೇಟರ್ ಒತ್ತಿ ಬಿಟ್ಟು ಸೆಲ್ಫ್ ಹೊಡೆಯುವುದು ಸರಿ.

ಬಾಯಿಗೆ ಏನೂ ಅಡ್ಡ ಬರದಿದ್ದರೆ ನಿಮ್ಮದು ಹಳೆ ಸೋಲೆಕ್ಸ್ ಇಲ್ಲವೇ ಎಸ್‌ಯು ಕಂಪನಿಯ ಬಗೆ. ಸೋಲೆಕ್ಸ್‌ನಲ್ಲಿ ಚೋಕ್ ಎಂದರೆ ಪಕ್ಕದಲ್ಲಿರುವ ಪುಟ್ಟ ತಟ್ಟೆ ತಿರುಗಿ ಬೇರೆಯದೇ ದಾರಿಯಿಂದ ಜಾಸ್ತಿ ಪೆಟ್ರೋಲ್ ಬಿಡುವುದು. ಆ ದಾರಿಯಲ್ಲಿ ಪೆಟ್ರೋಲ್ ಎಳೆಯಬೇಕಾದರೆ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ತಟ್ಟೆ) ಮುಚ್ಚಿರಬೇಕು. ನೀವು ಆಕ್ಸಿಲರೇಟರ್ ಒತ್ತಿದ ಕೂಡಲೇ ಆ ಎಳೆತ ಸತ್ತುಹೋಗುತ್ತದೆ. ಅಂದರೆ ಸ್ಟಾರ್ಟ್ ಆಗಲಿ ಅಂತ ಕಾಲು ಒತ್ತುವುದೇ ಸ್ಟಾರ್ಟ್ ಆಗದಿರಲು ಕಾರಣ! ಚೋಕ್ ಪೂರ್ತಿ ಎಳೆದು, ಕಾಲು ನೆಲದ ಮೇಲಿಟ್ಟು, ಸೆಲ್ಫ್ ಹೊಡೆಯಿರಿ. ಹಳೆ ಅಂಬಾಸಿಡರ್‌ನ ಎಸ್‌ಯು ಕಾರ್ಬುರೇಟರಿನಲ್ಲಿ ಚೋಕ್ ಎಳೆದರೆ ಪೆಟ್ರೋಲ್ ಬರುವ ಜೆಟ್ ಕೆಳಗಿಳಿದು ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಅಲ್ಲೂ ಪೆಡಲ್ ಪಂಪ್ ಮಾಡಿ ಪ್ರಯೋಜನವಿಲ್ಲ, ಹೆಚ್ಚು ಪೆಟ್ರೋಲ್ ಚಿಮ್ಮಿಸುವ ಪಂಪೇ ಅದರಲ್ಲಿಲ್ಲ.

ಯಾವ ಬಗೆಯಾದರೂ ಕೇಬಲ್ ಪೂರ್ತಿ ಎಳೆಯುತ್ತಿದೆಯಾ ನೋಡಲೇಬೇಕು. ಒಬ್ಬರು ಒಳಗೆ ಕೂತು ಎಳೆಯಲಿ, ನೀವು ಕಾರ್ಬುರೇಟರಿನ ಲಿವರ್ ನೋಡಿ. ಒಳಗೆ ನಾಬ್ ಪೂರ್ತಿ ಈಚೆ ಬಂದಿರುತ್ತದೆ, ಹೊರಗೆ ಲಿವರ್ ಅರ್ಧಕ್ಕೇ ನಿಂತಿರುತ್ತದೆ. ತುಕ್ಕು ಹಿಡಿದ ಕೇಬಲ್‌ಗೆ ಎರಡು ಹನಿ ಆಯಿಲ್ ಬಿಟ್ಟು, ಕ್ಲಾಂಪ್ ಸಡಿಲಿಸಿ ಮತ್ತೆ ಬಿಗಿ ಮಾಡಿದರೆ ಸಾಕು.

ಸ್ಟಾರ್ಟ್ ಆದಮೇಲೆ ಚೋಕನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ತಳ್ಳಿ. ಎಂಜಿನ್ ನಡುಗಿದರೆ ಚೂರು ವಾಪಸ್ ಎಳೆಯಿರಿ. ಒಂದೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಪೂರ್ತಿ ಒಳಗಿರಬೇಕು. ಚೋಕ್ ಎಳೆದುಕೊಂಡೇ ಪೇಟೆಗೆ ಹೋಗುವವರಿದ್ದಾರೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನೆಲ್ಲ ತೊಳೆದು ಕೆಳಗಿಳಿಯುತ್ತದೆ. ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತದೆ, ಆಮೇಲೆ ಪಿಸ್ಟನ್ ರಿಂಗ್ ಸವೆಯಿತು ಅಂತ ಗೋಳು.

ಓವರ್‌ಫ್ಲೋ ಆಗಿ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿದ್ದರೆ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರನ್ನು ನೆಲದವರೆಗೆ ಒತ್ತಿ ಹಿಡಿದುಕೊಂಡೇ ಏಳೆಂಟು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಪದೇ ಪದೇ ಒತ್ತಿ ಬಿಡಬೇಡಿ. ಆಗದಿದ್ದರೆ ನಾಲ್ಕೂ ಪ್ಲಗ್ ಬಿಚ್ಚಿ ಒರೆಸಿ, ಹತ್ತು ನಿಮಿಷ ಬಿಟ್ಟು ಹಾಕಿ.

ತಳ್ಳುವುದು

ಮಲೆನಾಡಿನಲ್ಲಿ ಹಳೆ ಕಾರಿನವರು ರಾತ್ರಿ ಇಳಿಜಾರು ನೋಡಿ ನಿಲ್ಲಿಸುತ್ತಾರೆ, ಅದು ಈಗಲೂ ಒಳ್ಳೆ ಅಭ್ಯಾಸ. ಚಕ್ರಕ್ಕೆ ಕಲ್ಲು ಕೊಡುವುದು ಮರೆಯಬೇಡಿ. ಕೀಲಿ ಆನ್, ಕ್ಲಚ್ ಒತ್ತಿ, ಎರಡನೇ ಗೇರ್. ಕಾರು ಓಟದ ವೇಗಕ್ಕೆ ಬಂದಾಗ ಕ್ಲಚ್ ಬಿಡಿ, ಹತ್ತಿಕೊಂಡ ತಕ್ಷಣ ಮತ್ತೆ ಒತ್ತಿ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಕಾಯಿಲ್‌ಗೂ ಕರೆಂಟ್ ಇರುವುದಿಲ್ಲ, ಊರೆಲ್ಲ ಸೇರಿ ತಳ್ಳಿದರೂ ಸುಸ್ತಾಗುವುದು ತಳ್ಳಿದವರೇ.

ಎಲ್ಲ ನೋಡಿಯೂ ಆಗದಿದ್ದರೆ

ಬ್ಯಾಟರಿ, ಕಿಡಿ, ಪೆಟ್ರೋಲ್, ಚೋಕ್ ನಾಲ್ಕೂ ಸರಿಯಿದ್ದು ತಣ್ಣಗಿರುವಾಗ ಮಾತ್ರ ಕಷ್ಟ, ಬಿಸಿಯಾದ ಮೇಲೆ ಸಲೀಸು ಅಂದರೆ ಕಂಪ್ರೆಷನ್ (ಸಿಲಿಂಡರಿನೊಳಗೆ ಏಳುವ ಒತ್ತಡ) ನೋಡಿಸಬೇಕು. ನಾಲ್ಕು ಸಿಲಿಂಡರಿನ ಅಳತೆಯಲ್ಲಿ ಒಂದು ಬಹಳ ಕಡಿಮೆ ಬಂದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ವಾಲ್ವ್ ಅಂತಾದರೆ ಹೆಡ್ ಬಿಚ್ಚುವ ಮೊದಲು ಟ್ಯಾಪೆಟ್ ಗ್ಯಾಪ್ (ವಾಲ್ವ್ ತುದಿಯಲ್ಲಿ ಬಿಡುವ ಸಣ್ಣ ಸಂದು) ನೋಡಿಸಿ. ಗ್ಯಾಪ್ ಬಿಗಿಯಾಗಿದ್ದರೂ ವಾಲ್ವ್ ಪೂರ್ತಿ ಮುಚ್ಚದೆ ಇದೇ ಕಾಟ ಕೊಡುತ್ತದೆ, ಅದು ಅರ್ಧ ಗಂಟೆಯ ಕೆಲಸ.

ಗ್ಯಾರೇಜಿಗೆ ಬಿಡುವಾಗ ಹಿಂದಿನ ಸಂಜೆಯೇ ಬಿಟ್ಟು ಬನ್ನಿ. ಓಡಿಸಿಕೊಂಡು ಹೋದ ಬಿಸಿ ಕಾರಿನಲ್ಲಿ ಈ ಕಾಯಿಲೆ ಯಾವ ಮೆಕ್ಯಾನಿಕ್‌ಗೂ ಕಾಣುವುದಿಲ್ಲ. ಬೆಳಿಗ್ಗೆ ಮೊದಲನೇ ಸೆಲ್ಫ್ ಅವರೇ ಹೊಡೆಯಲಿ, ನೀವು ಪಕ್ಕದಲ್ಲಿ ನಿಂತಿರಿ.